ಹಿತ್ತಿಲಿನ ಬಾಟಲ್ ಬ್ರಷ್ ಗಿಡವು ಬರಿಯ ಷೋಕಿಯಲ್ಲ

ಬನ್ನೂರಿನ ಸುತ್ತಿನ ಗ್ರಾಮಗಳಲ್ಲಿ ಸಂಚಾರ ಮಾಡುವಾಗ ಒಂದು ಸಂಗತಿಯು ಪದೇ ಪದೇ ನನ್ನ ಗಮನಕ್ಕೆ ಬಂದಿರುತ್ತದೆ. ಕಾವೇರಿಯ ಕಾಲುವೆಗಳ ನೀರಿನಿಂದ ಇಲ್ಲಿನ ಗದ್ದೆಗಳು ಬತ್ತದಿಂದಲೂ ಕಬ್ಬಿನಿಂದಲೂ ಹಸುರಾಗಿರುವುವು. ಆದರೆ ಅನೇಕ ಒಡೆಯರ ಮನೆಯ ಹಿತ್ತಿಲುಗಳು ಕೆಸರಿಗೂ ಒಡೆದ ಇಟ್ಟಿಗೆಗಳಿಗೂ ಮೀಸಲಾಗಿರುವುವು. ಅಲ್ಲಿ ಒಂದು ಹೂಗಿಡವನ್ನು ನೆಡಿರೆಂದರೆ, "ಅದು ಪಟ್ಟಣದ ಬಂಗಲೆಯವರ ಷೋಕಿ, ಬೇಸಾಯಗಾರನಿಗೇಕೆ?" ಎಂಬ ಉತ್ತರವು ಬರುವುದುಂಟು. ಈ ಅಭಿಪ್ರಾಯವು ಸರಿಯಲ್ಲವೆಂದು ನಾನು ಭಾವಿಸುತ್ತೇನೆ.

ಕುಂಬಳದ ಬಳ್ಳಿಯು ಹೇರಳವಾಗಿ ಹೂಬಿಟ್ಟರೂ ಕಾಯಿ ಕಚ್ಚಲಿಲ್ಲವೆಂದು ಗೃಹಿಣಿಯರು ದೂರುವುದನ್ನು ಎಲ್ಲರೂ ಕೇಳಿದ್ದೇವೆ. ಕುಂಬಳ, ಸೌತೆಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಒಂದರ ಪರಾಗವನ್ನು ಮತ್ತೊಂದಕ್ಕೆ ಮುಟ್ಟಿಸುವ ಕೆಲಸವು ಮುಖ್ಯವಾಗಿ ಜೇನುನೊಣಗಳಿಂದಲೇ ಆಗತಕ್ಕದ್ದು. ತೆಂಗಿನ ಫಸಲಿಗೂ ಅವುಗಳಿಂದ ಸಹಾಯವುಂಟು. ಬತ್ತದ ಗದ್ದೆಯಾಗಲಿ ಕಬ್ಬಿನ ತೋಟವಾಗಲಿ ಜೇನಿಗೆ ಮಕರಂದವನ್ನು ಕೊಡವು. ಬೇಲಿಯಲ್ಲಿದ್ದ ಲಕ್ಕಿಯನ್ನೂ ಬದುವಿನಲ್ಲಿದ್ದ ಹೊಂಗೆಯನ್ನೂ ಕಡಿದ ಮೇಲೆ ಅವು ಎಲ್ಲಿ ಮೇಯಬೇಕು? 1991-92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ಎಂಬ ರೋಗವು ದಕ್ಷಿಣ ಭಾರತದ ತುಡುವೆ ಜೇನುಗಳನ್ನು ಬಹುವಾಗಿ ನಾಶಮಾಡಿತು. ರೋಗವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಉಳಿದವುಗಳಿಗೆ ಆಹಾರವನ್ನೊದಗಿಸುವುದು ನಮ್ಮ ಕೈಯಲ್ಲಿದೆ.

ಈ ಕಾರಣದಿಂದಲೇ ಬಾಟಲ್ ಬ್ರಷ್ ಗಿಡವನ್ನು ಶಿಫಾರಸು ಮಾಡುತ್ತೇನೆ. ಇದರ ತೌರು ಆಸ್ಟ್ರೇಲಿಯಾ ಖಂಡ. ನೇರಿಳೆ, ಸೀಬೆ, ನೀಲಗಿರಿಗಳ ಕುಟುಂಬಕ್ಕೆ ಸೇರಿದ ಇದು ಸದಾ ಹಸುರಾಗಿರುವ ಗಿಡ. ಸೀಸೆ ತೊಳೆಯುವ ಕುಂಚದಂತೆ ಕಾಣುವ ಹೂಗೊಂಚಲಿನ ಕೆಂಪು ಬಣ್ಣವು ದಳಗಳದ್ದಲ್ಲ, ಕೇಸರಗಳದ್ದು. ಬೇಸಿಗೆಯಲ್ಲಿ ಇದು ತುಂಬ ಹೂಬಿಡುವುದರಿಂದ ಜೇನುನೊಣಗಳೂ ಸೂರಕ್ಕಿಗಳೂ ಇದನ್ನು ಮುತ್ತಿಕೊಳ್ಳುವುವು. ಪೊದೆಯಾಗಿ ಬೆಳೆಯುವ ಜಾತಿಯು ಹತ್ತು ಹನ್ನೆರಡು ಅಡಿಯ ಎತ್ತರದಲ್ಲಿ ನಿಲ್ಲುವುದು. ಜೋಲು ಕೊಂಬೆಯ ಜಾತಿಯು ಇನ್ನೂ ದೊಡ್ಡದಾಗುವುದರಿಂದ ಶಾಲೆಯ ಅಂಗಳಕ್ಕೆ ಹೆಚ್ಚು ಯೋಗ್ಯ.

ಕೃಷಿಕ್ರಮವು ಸುಲಭವಾದುದು. ಚೆನ್ನಾಗಿ ಬಿಸಿಲು ಬೀಳುವೆಡೆಯಲ್ಲಿ, ಗೋಡೆಯಿಂದ ಏಳೆಂಟು ಅಡಿ ದೂರದಲ್ಲಿ, ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿಯನ್ನು ತೆಗೆದು, ಕಳಿತ ಗೊಬ್ಬರವನ್ನು ಬೆರೆಸಿ, ಮುಂಗಾರಿನ ಆರಂಭದಲ್ಲಿ ಸಸಿಯನ್ನು ನೆಡತಕ್ಕದ್ದು. ಬೀಜದಿಂದಾದ ಸಸಿಗಳು ಒಂದೇ ತೆರನಾಗಿರುವುದಿಲ್ಲ. ಹೂಬಿಡಲು ಕೆಲವು ವರ್ಷಗಳೂ ಬೇಕು. ಆದಕಾರಣ ಅರೆಬಲಿತ ಕಡ್ಡಿಯಿಂದ ಬೆಳೆಸಿದ ಸಸಿಯೇ ಉತ್ತಮ. ಮೊದಲ ವರ್ಷದ ಬೇಸಿಗೆಯಲ್ಲಿ ತಪ್ಪದೆ ನೀರುಣಿಸಬೇಕು. ಬೇರೂರಿದ ಮೇಲೆ ಅಷ್ಟು ಆರೈಕೆ ಬೇಡ.

ನಮ್ಮ ಕಾಲುವೆ ಸೀಮೆಯವರು ಒಂದು ವಿಷಯವನ್ನು ವಿಶೇಷವಾಗಿ ತಿಳಿಯತಕ್ಕದ್ದು. ಸುಣ್ಣವೂ ಚೌಳೂ ಹೆಚ್ಚಾಗಿರುವ ಭೂಮಿಯಲ್ಲಿ ಎಲೆಯ ನರಗಳು ಹಸುರಾಗಿಯೇ ಉಳಿದು ನಡುವಿನ ಭಾಗವು ಹಳದಿಯಾಗುವುದು. ಇದು ಕಬ್ಬಿಣಾಂಶದ ಕೊರತೆ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ ಎಲೆಗಳಿಗೆ ಸಿಂಪಡಿಸಿದರೆ ಗುಣ ಕಾಣುವುದು. ಬಟ್ಟೆ ಒಗೆದ ಸೋಡಾ ನೀರನ್ನು ಬುಡಕ್ಕೆ ಹರಿಯಬಿಡಲೇಬಾರದು.

ಈ ಗಿಡದ ಹೂಗೊಂಚಲಿನ ತುದಿಯಿಂದಲೇ ರೆಂಬೆಯು ಮುಂದಕ್ಕೆ ಬೆಳೆಯುವುದು. ಗಟ್ಟಿಯಾದ ಬೀಜದ ಕಾಯಿಗಳು ವರ್ಷಗಟ್ಟಲೆ ಕೊಂಬೆಗೇ ಅಂಟಿಕೊಂಡಿರುವುವು. ಹೂವು ಬಾಡಿದ ಕೂಡಲೇ ಅದರ ಸ್ವಲ್ಪ ಕೆಳಗೆ ಕತ್ತರಿಸಿದರೆ ಗಿಡವು ಒತ್ತಾಗಿ ಕವಲೊಡೆಯುವುದು. ನಾನೇ ಒಮ್ಮೆ ಅರಿಯದೆ ಎಲೆಯಿಲ್ಲದ ಹಳೆಯ ಕೊಂಬೆಯವರೆಗೂ ಕಡಿಸಿ, ಮರುವರ್ಷ ಒಂದು ಹೂವನ್ನೂ ಕಾಣದೆ ನಿರಾಶನಾದೆನು.

ಪರದೇಶದ ಗಿಡವೇಕೆ, ನಮ್ಮ ಗಿಡಗಳಿಲ್ಲವೇ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯು ನ್ಯಾಯವಾದುದು. ನುಗ್ಗೆ, ನಿಂಬೆ, ಕರಿಬೇವುಗಳನ್ನು ಕಿತ್ತು ಇದನ್ನು ನೆಡಿರೆಂದು ನಾನು ಎಂದಿಗೂ ಹೇಳೆನು. ಇದನ್ನು ಅವುಗಳ ಜೊತೆಗೆ ನೆಡಬೇಕು. 1908ರಿಂದ 1932ರವರೆಗೆ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಕ್ರುಂಬಿಗಲ್ ಮಹಾಶಯರು, ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಮತ್ತೊಂದು ಅರಳುವಂತೆ ಮರಗಳನ್ನು ಆರಿಸಿ ಬೀದಿಗಳಲ್ಲಿ ನೆಡಿಸಿದರು. ಅವರು ಕಣ್ಣಿನ ಸಂತೋಷಕ್ಕಾಗಿ ಅನುಸರಿಸಿದ ಕ್ರಮವನ್ನು ನಾವು ಜೇನಿನ ಹೊಟ್ಟೆಗಾಗಿ ಅನುಸರಿಸಬಹುದಲ್ಲವೇ? ನುಗ್ಗೆ, ಬೇವು, ಹೊಂಗೆ, ಬಾಟಲ್ ಬ್ರಷ್, ಲಕ್ಕಿ ಇವೆಲ್ಲವೂ ಒಂದು ಗ್ರಾಮದಲ್ಲಿದ್ದರೆ ಹೂವಿಲ್ಲದ ತಿಂಗಳುಗಳು ಕಡಿಮೆಯಾಗುವುವು. ಇಷ್ಟಾದರೂ ಹೂವು ಅರಳಿದ ವೇಳೆಯಲ್ಲಿ ಕೀಟನಾಶಕವನ್ನು ಸಿಂಪಡಿಸಿದರೆ ಎಲ್ಲವೂ ವ್ಯರ್ಥ. ಸಿಂಪಡಿಸಲೇಬೇಕಾದಲ್ಲಿ ನೊಣಗಳು ಗೂಡಿಗೆ ಮರಳಿದ ಸಂಜೆಯ ವೇಳೆಯನ್ನು ಆರಿಸಿಕೊಳ್ಳಬೇಕು.

ಗ್ರಾಮದ ಯಜಮಾನರು ಮಾಡಿದುದನ್ನೇ ಉಳಿದವರು ಅನುಸರಿಸುವುದು ಲೋಕರೂಢಿ. ಆದಕಾರಣ ಅವರೂ ಭೂಮಾಲೀಕರೂ ಬರುವ ಮುಂಗಾರಿನಲ್ಲಿ ತಮ್ಮ ಹಿತ್ತಿಲಿನಲ್ಲೊಂದು, ಊರಿನ ಶಾಲೆಯ ಅಂಗಳದಲ್ಲೊಂದು ಸಸಿಯನ್ನು ನೆಡಿಸಬೇಕೆಂದು ಪ್ರಾರ್ಥಿಸುತ್ತೇನೆ. ಖರ್ಚು ಅಲ್ಪ. ಅದು ಹೂಬಿಟ್ಟ ಬೇಸಿಗೆಯ ಬೆಳಗ್ಗೆ ಒಂದು ಗಳಿಗೆ ಅದರ ಬಳಿ ನಿಂತು ಕಿವಿಗೊಟ್ಟರೆ, ಇದು ಷೋಕಿಯೋ ಬೇಸಾಯವೋ ಎಂಬುದನ್ನು ಜೇನುನೊಣಗಳೇ ತಿಳಿಸುವುವು.