ಮಗುವಿನ ಉಸಿರು ಕಾಯುವುದಿಲ್ಲ

ಗಂಟಲಮಾರಿ ಅಜ್ಜಂದಿರ ಕಾಲದ ಪಿಡುಗು, ಈಗ ಅದೆಲ್ಲಿದೆ ಎನ್ನುವವರು ಬಹಳ ಮಂದಿ. ಅದು ಹೋಗಿಲ್ಲ. 2018ರಲ್ಲಿ ನಮ್ಮ ದೇಶದಲ್ಲಿ 8 ಸಾವಿರಕ್ಕೂ ಹೆಚ್ಚು ಜನರಿಗೆ ಈ ರೋಗ ತಗುಲಿತ್ತು. ಲಸಿಕೆ ತಪ್ಪಿದ ಮನೆಯನ್ನು ಅದು ಹುಡುಕಿಕೊಂಡು ಬರುತ್ತದೆ. ಅಂಥ ಮನೆಗಳು ಬಂಗಲೆಗಳ ಸಾಲಿನಲ್ಲಿಲ್ಲ, ನಮ್ಮ ಕೇರಿಗಳಲ್ಲಿವೆ.

ಸಣ್ಣ ಜ್ವರ, ಗಂಟಲು ನೋವು, ಇದೇ ಆರಂಭ. ಎರಡು ಮೂರು ದಿನಗಳಲ್ಲಿ ಗಂಟಲೊಳಗೆ ಬೂದು ಬಣ್ಣದ ಪೊರೆ ಕಟ್ಟುತ್ತದೆ, ಕೊರಳು ಊದಿಕೊಳ್ಳುತ್ತದೆ. ಪೊರೆ ಕೆಳಕ್ಕಿಳಿದರೆ ದನಿ ಒಡೆಯುತ್ತದೆ, ಉಸಿರೆಳೆಯುವಾಗ ಕರ್ಕಶ ಸದ್ದು ಬರುತ್ತದೆ, ಪಕ್ಕೆಗಳ ನಡುವೆ ಗುಳಿ ಬೀಳುತ್ತದೆ. ಆಗ ಮಗುವನ್ನು ಕೂತ ಹಾಗೆಯೇ ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಓಡಬೇಕು. ಬೆರಳು, ಚಮಚ ಹಾಕಿ ಪೊರೆ ಕೀಳಹೋಗಬಾರದು; ರಕ್ತ ಒಸರಿ ಉಸಿರಿನ ದಾರಿಯೇ ಮುಚ್ಚೀತು. ಬಲವಂತದಿಂದ ಮಲಗಿಸಬಾರದು, ಗಂಜಿ ಕಷಾಯ ಸುರಿಯಬಾರದು.

ವೈದ್ಯರು ಶ್ವಾಸನಾಳಕ್ಕೆ ನಳಿಗೆ ಇಳಿಸುತ್ತಾರೆ. ಆಗದಿದ್ದರೆ ಕೊರಳಲ್ಲಿ ರಂಧ್ರ ಮಾಡಿ ಉಸಿರು ಉಳಿಸುತ್ತಾರೆ. ಪೆನಿಸಿಲಿನ್ ರೋಗಾಣುವನ್ನು ಕೊಲ್ಲುತ್ತದೆ. ರೋಗಾಣು ಕಾರಿದ ವಿಷವನ್ನು ಮುರಿಯಲು ಸೀರಂ ಬೇಕು. ಹೃದಯಕ್ಕೆ, ನರಗಳಿಗೆ ಅಂಟಿಕೊಂಡ ಮೇಲೆ ವಿಷವನ್ನು ಸೀರಮ್ಮೂ ಬಿಡಿಸಲಾರದು. ಆದ್ದರಿಂದಲೇ ಪರೀಕ್ಷೆಯ ವರದಿಗೆ ಕಾಯದೆ ಅದನ್ನು ಕೊಡಬೇಕು.

ಕುದುರೆಯ ರಕ್ತದಿಂದ ತೆಗೆಯುವ ಈ ಸೀರಂ ಹೊಸದಲ್ಲ. 1894ರಲ್ಲಿ ಡಾಕ್ಟರ್ ಎಮಿಲ್ ರೂ ಅವರು ಪ್ಯಾರಿಸಿನ ಮಕ್ಕಳ ಆಸ್ಪತ್ರೆಯಲ್ಲಿ ಇದನ್ನು ಬಳಸಿದಾಗ, ನೂರಕ್ಕೆ ಸುಮಾರು 50ರಷ್ಟಿದ್ದ ಸಾವು 25ರ ಸುಮಾರಿಗೆ ಇಳಿಯಿತು. ಅಲ್ಲಿನ ಜನ ಚಂದಾ ಎತ್ತಿ ಸೀರಂ ತಯಾರಿಕೆಗೆ ಹಣ ಕೊಟ್ಟರು. ಇಂದು ಜಗತ್ತಿನಲ್ಲಿ ಇದನ್ನು ತಯಾರಿಸುವವರು ಬೆರಳೆಣಿಕೆಯಷ್ಟು. ಕಾರಣ ಸ್ಪಷ್ಟ: ಬಡವರ ಮಕ್ಕಳ ರೋಗದಲ್ಲಿ ಲಾಭವಿಲ್ಲ! ಲಾಭವಿಲ್ಲದ ಕಡೆ ಸರ್ಕಾರವೇ ನಿಲ್ಲಬೇಕು.

ರೋಗ ಬಾರದಂತೆ ತಡೆಯುವ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ: 6, 10, 14ನೇ ವಾರಗಳಲ್ಲಿ, ಮತ್ತೆ 16ರಿಂದ 24ನೇ ತಿಂಗಳೊಳಗೆ, 5-6ನೇ ವರ್ಷದಲ್ಲಿ, 10 ಮತ್ತು 16ನೇ ವರ್ಷದಲ್ಲಿ. ಮೊದಲ ಮೂರು ಹಾಕಿಸಿ ಉಳಿದದ್ದನ್ನು ಮರೆತರೆ ಅಪಾಯ ತಪ್ಪದು. ಆದರೆ ಮರೆವೊಂದೇ ಕಾರಣವೇ? ಲಸಿಕೆಯ ಹೊತ್ತು ಪಾಳಿಯ ಹೊತ್ತೂ ಹೌದು, ಅಂಗಡಿಯ ವ್ಯಾಪಾರದ ಹೊತ್ತೂ ಹೌದು. ತಾಯಿ ಕೂಲಿಯನ್ನು ಆರಿಸಿಕೊಳ್ಳಬೇಕೇ, ಮಗುವನ್ನೇ?

ನಾವು ಕೇಳುವುದು ಭಿಕ್ಷೆಯಲ್ಲ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಸೀರಂ ಸದಾ ಇರಲಿ. ಕೇರಿಗಳಲ್ಲಿ ಸಂಜೆಯ ವೇಳೆ, ವಾರದ ರಜೆಯ ದಿನ ಲಸಿಕೆ ಹಾಕಲಿ. ಲಸಿಕೆಗೆಂದು ಹೋದವರ ಕೂಲಿಯನ್ನು ಮಾಲೀಕರು ಕಡಿಯದಿರಲಿ. ಬಂಧುಗಳೇ, ಇಂದೇ ಮಗುವಿನ ಲಸಿಕೆ ಚೀಟಿ ತೆಗೆದು ನೋಡಿರಿ. ನಾಳೆ ಸಂಘದ ಸಭೆಯಲ್ಲಿ ಈ ಮಾತೆತ್ತಿರಿ.