ಸಾವಯವ ವೈನೂ ನಮ್ಮ ತೋಟದ ಮೈಲುತುತ್ತವೂ

ಸಾವಯವವೆಂಬ ಮುದ್ರೆ ಹೊತ್ತ ಆಸ್ಟ್ರೇಲಿಯದ ವೈನನ್ನು ಕುರಿತು ವರದಹಳ್ಳಿಯ ಅಡಕೆ ಬೆಳೆಗಾರನೊಬ್ಬನು ಅಭಿಪ್ರಾಯ ಹೇಳಹೊರಡುವುದು ಕೆಲವರಿಗೆ ಅಸಂಗತವಾಗಿ ತೋರಬಹುದು; ಆದರೆ ಮಳೆಗಾಲದಲ್ಲಿ ನಮ್ಮ ಕೊನೆಗಳಿಗೆ ನಾವು ಹೊಡೆಯುವ ಔಷಧಿ ಹುಟ್ಟಿದ್ದೇ ದ್ರಾಕ್ಷಿಯ ತೋಟದಲ್ಲಿ ಎಂಬುದನ್ನು ನೆನೆದರೆ, ಈ ವಿಷಯದಲ್ಲಿ ಮಾತನಾಡುವ ಅಧಿಕಾರ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರಿಗೆ ಯಾರಿಗಿಂತಲೂ ಕಡಿಮೆಯಿಲ್ಲವೆಂದು ನಾನು ನಂಬಿದ್ದೇನೆ.

ಅಡಿಲೇಡಿನಲ್ಲಿ ನೆಲೆಸಿರುವ ಬಂಧುಗಳ ಮನೆಯಲ್ಲಿ, ಅಲ್ಲಿಯ ಸಾವಯವ ತೋಟವೊಂದರ ವೈನುಗಳನ್ನು ಸಾಲಾಗಿರಿಸಿಕೊಂಡು ರುಚಿ ನೋಡುವ ಅವಕಾಶ ನನಗೆ ಒದಗಿತ್ತು. ಬಿಳಿಯದು ಮೊದಲು, ಕೆಂಪು ಅನಂತರ. ರೀಸ್ಲಿಂಗಿನಲ್ಲಿ ಲಿಂಬೆಯ ಹುಳಿ ತೀಕ್ಷ್ಣವಾಗಿತ್ತು. ಶಿರಾಜಿನಲ್ಲಿ ಕಾಳುಮೆಣಸಿನ ಘಾಟು. ಕ್ಯಾಬರ್ನೇಯಲ್ಲಿ ವಸಡನ್ನು ಬಿಗಿಯುವ ಒಗರು. ಈ ಒಗರು ದ್ರಾಕ್ಷಿಯ ಸಿಪ್ಪೆ ಬೀಜಗಳಿಂದ ಇಳಿದ ಟ್ಯಾನಿನ್ನಿನದು. ನಾವು ಅಡಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರಿನ ಸತ್ತ್ವವೂ ಅದೇ ಜಾತಿಯದು. ಆದುದರಿಂದ ಒಗರಿನ ತರತಮವನ್ನು ಮಲೆನಾಡಿನ ನಾಲಗೆಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಪಕ್ಕದಲ್ಲೇ ಇಟ್ಟಿದ್ದ ಸಾಮಾನ್ಯ ವೈನಿಗೂ ಈ ಸಾವಯವಕ್ಕೂ ರುಚಿಯಲ್ಲಿ ಭೇದವನ್ನು ಹುಡುಕಹೋದಾಗ, ಒಂದು ಹೆಚ್ಚು ಹಣ್ಣಾದ ದ್ರಾಕ್ಷಿಯದು, ಇನ್ನೊಂದು ಕಡಮೆ ಹಣ್ಣಾದುದರದು ಎಂಬುದರಾಚೆಗೆ ನನಗೆ ಏನೂ ದೊರೆಯಲಿಲ್ಲ. ಯಾವುದರ ಬಳ್ಳಿಗೆ ಎಷ್ಟು ಸಲ ಏನನ್ನು ಹೊಡೆದಿದ್ದರೆಂಬುದು ಲೋಟದಲ್ಲಿ ಇರಲಿಲ್ಲ.

ಸಾವಯವವೆಂದರೆ ಯಾವ ರಸಾಯನವನ್ನೂ ಮುಟ್ಟದ ಬೆಳೆಯೆಂಬ ಭಾವನೆ ಜನರಲ್ಲಿ ಬೇರೂರಿದೆ. ಅದು ನಿಜವಲ್ಲ. ಅಮೆರಿಕದಿಂದ ಬಂದ ಬೂಜುರೋಗವು 1878ರಿಂದೀಚೆಗೆ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಹಾಳುಗೆಡಹುತ್ತಿದ್ದಾಗ, ಬೋರ್ಡೋ ನಗರದ ಸಸ್ಯಶಾಸ್ತ್ರಜ್ಞನಾದ ಮಿಲಾರ್ಡೆಯು 1882ರಲ್ಲಿ ಒಂದು ವಿಶೇಷವನ್ನು ಗಮನಿಸಿದನು: ದಾರಿಹೋಕರು ಹಣ್ಣು ಕದಿಯದಿರಲೆಂದು ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಎರಚಿದ್ದ ಅಂಚಿನ ಬಳ್ಳಿಗಳು ಮಾತ್ರ ಹಸಿರಾಗಿ ಉಳಿದಿದ್ದವು. 1885ರಲ್ಲಿ ಅವನು ಪ್ರಕಟಿಸಿದ ಆ ಮಿಶ್ರಣವೇ ಬೋರ್ಡೋ ದ್ರಾವಣ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಕೆಯ ಕೊಳೆರೋಗದ ಮೂಲವನ್ನು ಶೋಧಿಸಿ, ಆ ದ್ರಾವಣವನ್ನೇ ನಮ್ಮ ತೋಟಗಳಿಗೂ ವಿಧಿಸಿದರು. ಅದಕ್ಕೆ ಮುನ್ನ ನಮ್ಮ ಹಿರಿಯರಿಗೆ ಇದ್ದ ರಕ್ಷೆಯೆಂದರೆ ಕೊನೆಗಳಿಗೆ ಕಟ್ಟುತ್ತಿದ್ದ ಕರಡದ ಕೊಟ್ಟೆ.

ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನವಾಗಿ ಹೊಯ್ಯುತ್ತ ಕಲಕಬೇಕು. ಆಕಾಶವರ್ಣದ ಆ ದ್ರವದಲ್ಲಿ ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದೆಂದು ಅರ್ಥ. ಔಷಧಿ ಹೊಡೆಯಲು ಕೊನೆಗೌಡನು ಮರವೇರುವ ಮೊದಲು ನಡೆಯುವ ಈ ಪರೀಕ್ಷೆಯನ್ನು ಕಂಡವರಿಗೆ, ಇದೇ ದ್ರಾವಣವು ಪ್ರಪಂಚದ ಬಹುತೇಕ ಸಾವಯವ ದ್ರಾಕ್ಷಿ ಬೆಳೆಗಾರರಿಗೂ ಅನುಮತವಾದುದೆಂದು ಹೇಳಿದರೆ ಆಶ್ಚರ್ಯವಾದೀತು. ಆದರೆ ಮೈಲುತುತ್ತದಲ್ಲಿರುವ ತಾಮ್ರವು ಕೊಳೆತು ಮಾಯವಾಗುವ ವಸ್ತುವಲ್ಲ. ಮೇಲ್ಮಣ್ಣಿನಲ್ಲಿ ವರ್ಷವರ್ಷವೂ ಸಂಚಯವಾಗಿ ಎರೆಹುಳುಗಳಿಗೆ ಮಾರಕವಾಗುತ್ತದೆ. ಆದ್ದರಿಂದಲೇ ಐರೋಪ್ಯ ಒಕ್ಕೂಟವು ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರವೆಂಬ ಮಿತಿಯನ್ನು ಹಾಕಿದೆ. ನಮ್ಮ ಲೆಕ್ಕಕ್ಕೆ ಇಳಿಸಿದರೆ ಇದು ವರ್ಷಕ್ಕೆ ಎಕರೆಗೆ ಸುಮಾರು 6.4 ಕಿಲೋ ಮೈಲುತುತ್ತ.

ಇನ್ನು ಹವೆಯ ಮಾತು. ದಕ್ಷಿಣ ಆಸ್ಟ್ರೇಲಿಯದಲ್ಲಿ ಮಳೆ ಬರುವುದು ಬಹುಮಟ್ಟಿಗೆ ಚಳಿಗಾಲದಲ್ಲಿ, ಬಳ್ಳಿಗಳು ಎಲೆಯುದುರಿಸಿ ನಿದ್ರಿಸುವಾಗ. ಹಣ್ಣು ಮಾಗುವುದು ಒಣಬೇಸಗೆಯಲ್ಲಿ. ಇಲ್ಲಿಯಾದರೋ ಎಳೆಯ ಕಾಯಿ ಕೊನೆಯಲ್ಲಿರುವ ಕಾಲಕ್ಕೇ ಜಡಿಮಳೆ ಹಿಡಿಯುತ್ತದೆ. ಬೂಜಿಗೆ ಆಸ್ಪದವೇ ಅಲ್ಪವಾದ ನೆಲದಲ್ಲಿ ದೊರೆತ ಸಾವಯವ ಪತ್ರವನ್ನೂ, ನಾಲ್ಕು ತಿಂಗಳು ತೊಯ್ಯುವ ನೆಲದಲ್ಲಿ ಹೆಣಗಿ ಪಡೆದ ಪತ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ನ್ಯೂ ಸೌತ್ ವೇಲ್ಸಿನ ಮಡ್ಜಿಯಲ್ಲಿ 1971ರಲ್ಲಿ ಆರಂಭವಾದ ಬೊಟೊಬೋಲರ್ ತೋಟದಂಥ ಸಾವಯವದ ಆದ್ಯರ ಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ತೀರ್ಥಹಳ್ಳಿಯ ಮಳೆಯಲ್ಲಿ ನಿಂತು ಸಾವಯವ ಕೃಷಿಯನ್ನು ಸಾರಿದ ಪುರುಷೋತ್ತಮ ರಾಯರಂಥವರ ಸಾಧನೆ ಅದಕ್ಕಿಂತ ಕಠಿನವಾದುದು. 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ಘೋಷಿಸಿದ ಕರ್ನಾಟಕವು ಈ ಭೇದವನ್ನು ಗುರುತಿಸತಕ್ಕದ್ದು.

ಸಾವಯವವಾದ ಮಾತ್ರಕ್ಕೆ ಮದ್ಯವು ಪಥ್ಯವಾಗುವುದಿಲ್ಲ, ಅಡಕೆಯೂ ಆಗುವುದಿಲ್ಲ. ದೇಹಕ್ಕೆ ಅವೆರಡರಿಂದ ಆಗುವ ಹಾನಿ ಬೇರೆಯೇ ವಿಷಯ. ನಾನು ಕೇಳುತ್ತಿರುವುದು ಮಣ್ಣಿನ ಲೆಕ್ಕ. ಶೀಸೆಯ ಮೇಲಾಗಲಿ ಚೀಲದ ಮೇಲಾಗಲಿ ‘ಸಾವಯವ’ವೆಂಬ ಒಂದು ಪದಕ್ಕೆ ಬದಲಾಗಿ, ಆ ವರ್ಷ ಎಕರೆಗೆ ಎಷ್ಟು ತಾಮ್ರ ಬಿತ್ತೆಂಬ ಅಂಕಿಯನ್ನು ಅಚ್ಚುಹಾಕಬೇಕು. ಆಸ್ಟ್ರೇಲಿಯದವರು ಹಾಕುವವರೆಗೆ ನಾವು ಕಾಯಬೇಕಾಗಿಲ್ಲ. ನಮ್ಮ ಸೀಮೆಯ ಸಹಕಾರ ಸಂಘಗಳು ಈ ಹಂಗಾಮಿನಿಂದಲೇ ಇದಕ್ಕೆ ತೊಡಗಬಹುದು: ಅಡಕೆಯನ್ನು ಕೊಳ್ಳುವವರೂ ಅವರೇ, ಬೆಳೆಗಾರನಿಗೆ ಮೈಲುತುತ್ತವನ್ನು ತೂಗಿ ಕೊಟ್ಟು ರಸೀದಿ ಬರೆಯುವವರೂ ಬಹುಪಾಲು ಅವರೇ.