ಹೊಳಪೋ ಬಾಳಿಕೆಯೋ?

ನಮ್ಮ ವಸತಿಗೃಹದ ಮಾಡಿನ ಮೇಲೆ ಸೌರಫಲಕಗಳನ್ನು ಹಾಕಿಸಬೇಕೆಂದು ಹಳೇ ವಿದ್ಯಾರ್ಥಿನಿಯರು ನಿಧಿಯನ್ನು ಕೂಡಿಸುತ್ತಿರುವ ಸಂಗತಿಯು ವಾಚಕರಿಗೆ ತಿಳಿದೇ ಇದೆ. ಈ ವಿಷಯವಾಗಿ ನೆರೆದ ಪೋಷಕರ ಸಭೆಯಲ್ಲಿ ಮಹನೀಯರೊಬ್ಬರು, ಪೆರೋವ್‌ಸ್ಕೈಟ್ ಎಂಬ ಹೊಸ ದ್ರವ್ಯದಿಂದ ಅಗ್ಗವಾದ ಫಲಕಗಳು ಬರಲಿರುವಾಗ ಈಗಲೇ ಹಣವನ್ನು ವೆಚ್ಚಮಾಡುವುದೇಕೆ, ಎರಡು ವರ್ಷ ಕಾಯಬಾರದೇ ಎಂದು ಕೇಳಿದರು. ಪ್ರಶ್ನೆಯು ಯೋಗ್ಯವಾದದ್ದೇ. ಅದಕ್ಕೆ ನಮ್ಮ ಅಭಿಪ್ರಾಯವನ್ನು ಇಲ್ಲಿ ಅರಿಕೆಮಾಡುತ್ತೇವೆ.

1839ರಲ್ಲಿ ಗುಸ್ಟಾವ್ ರೋಸ್ ಎಂಬ ಜರ್ಮನ್ ಪಂಡಿತನು ಯೂರಲ್ ಪರ್ವತಗಳ ಒಂದು ಖನಿಜವನ್ನು ವರ್ಣಿಸಿ, ಪೆರೋವ್‌ಸ್ಕಿ ಎಂಬ ರಷ್ಯದ ಅಧಿಕಾರಿಯ ಹೆಸರನ್ನು ಅದಕ್ಕಿಟ್ಟನು. ಅದರಲ್ಲಿ ಪರಮಾಣುಗಳು ಜೋಡಿಸಲ್ಪಟ್ಟಿರುವ ರೀತಿಯನ್ನೇ ಹೊಂದಿದ ದ್ರವ್ಯಗಳಿಗೆಲ್ಲ ಈಗ ಅದೇ ಹೆಸರು. ಸೌರಕೋಶಗಳಿಗೆ ಬೇಕಾದದ್ದು ಆ ಖನಿಜವಲ್ಲ. ಸೀಸ, ಅಯೋಡೀನ್ ಮುಂತಾದವುಗಳಿಂದ ಮನುಷ್ಯನು ಮಾಡಿದ ಕಪ್ಪು ಸ್ಫಟಿಕ. 2009ರಲ್ಲಿ ಜಪಾನಿನ ಮಿಯಾಸಾಕಾ ಎಂಬವರೂ ಅವರ ಸಂಗಡಿಗರೂ ಇದರಿಂದ ಮಾಡಿದ ಕೋಶವು ಬಿಸಿಲಿನಲ್ಲಿ ನೂರಕ್ಕೆ 3.8 ಪಾಲನ್ನು ಮಾತ್ರ ವಿದ್ಯುತ್ತಾಗಿ ಮಾರ್ಪಡಿಸಿತು. ಇಂದು ಪ್ರಯೋಗಶಾಲೆಯ ಚಿಕ್ಕ ಕೋಶಗಳು 26 ಪಾಲನ್ನು ದಾಟಿವೆ. ಸಿಲಿಕಾನು ಕರಗಬೇಕಾದರೆ 1414 ಡಿಗ್ರಿ ಉಷ್ಣವು ಬೇಕು. ಈ ದ್ರವ್ಯವನ್ನಾದರೋ ಶಾಯಿಯಂತೆ ಗಾಜಿನ ಮೇಲೆ ಹರಡಿ, 100ರಿಂದ 150 ಡಿಗ್ರಿಯಲ್ಲಿ ಒಣಗಿಸಬಹುದು. ಜನರು ಇದನ್ನು ಹೊಗಳುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಹೊಗಳುವವರು ಒಂದು ಮಾತನ್ನು ಮೆಲ್ಲನೆ ಹೇಳುತ್ತಾರೆ, ಇಲ್ಲವೆ ಹೇಳದೇ ಬಿಡುತ್ತಾರೆ. ಆ ಮೊದಲಿನ ಕೋಶವು ತನ್ನೊಳಗಿನ ದ್ರವದಲ್ಲಿ ತಾನೇ ಕರಗಿ ಕೆಲವು ನಿಮಿಷಗಳಲ್ಲಿಯೇ ಕೆಟ್ಟುಹೋಗುತ್ತಿತ್ತು. 2012ರಲ್ಲಿ ದ್ರವಕ್ಕೆ ಬದಲಾಗಿ ಘನಪದಾರ್ಥವನ್ನು ಇಟ್ಟ ಮೇಲೆ ನಿಮಿಷಗಳು ವಾರಗಳಾದವು. ಆದರೂ ಶತ್ರುಗಳು ತೊಲಗಲಿಲ್ಲ. ಸೀಸವೂ ಅಯೋಡೀನೂ ಕೂಡಿ ಒಂದು ಪಂಜರವನ್ನು ಹೆಣೆದಿವೆ ಎಂದು ಭಾವಿಸಿರಿ. ಅದರೊಳಗೆ ಮೀಥೈಲ್ ಅಮೋನಿಯಂ ಎಂಬುದು ಕುಳಿತಿದೆ. ತೇವವು ಒಳಹೊಕ್ಕರೆ ಪಂಜರವು ಸಡಿಲುತ್ತದೆ. ಶಾಖವು ಹೆಚ್ಚಿದರೆ ಒಳಗಿದ್ದದ್ದು ಆವಿಯಾಗಿ ಹೊರಟುಹೋಗುತ್ತದೆ. ಉಳಿಯುವುದು ಸೀಸದ ಅಯೋಡೈಡ್, ಅಂದರೆ ನಮ್ಮ ಹುಡುಗಿಯರು ರಸಾಯನಶಾಸ್ತ್ರದ ತರಗತಿಯಲ್ಲಿ ಪರೀಕ್ಷಾನಾಳದ ತಳದಲ್ಲಿ ನೋಡುವ ಅದೇ ಹಳದಿ ಪುಡಿ. ಕಪ್ಪು ಪೊರೆಯು ಹಳದಿಯಾಯಿತೆಂದರೆ ಕೋಶದ ಕೆಲಸವು ಮುಗಿಯಿತು. ಅದಲ್ಲದೆ, ಬಿಸಿಲು ಬಿದ್ದಾಗ ಅಯೋಡೀನಿನ ಕಣಗಳು ಸ್ಥಳ ಬಿಟ್ಟು ಸರಿದು, ಬೆನ್ನಹಿಂದಿನ ಬೆಳ್ಳಿಯ ಲೇಪವನ್ನೂ ತಿನ್ನುವುದುಂಟು. ಮಳೆಗಾಲದಲ್ಲಿ ಪೆಟ್ಟಿಗೆಯೊಳಗಣ ಬಟ್ಟೆಗೂ ಬೂಷ್ಟು ಹಿಡಿಯುವ ನಮ್ಮ ಕರಾವಳಿಯವರಿಗೆ ಈ ತೇವದ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಂಡಿತರು ಕೈಕಟ್ಟಿ ಕುಳಿತಿಲ್ಲ. ಹಾರಿಹೋಗುವ ಮೀಥೈಲ್ ಅಮೋನಿಯಮನ್ನು ತೆಗೆದು ಅಥವಾ ಕಡಿಮೆಮಾಡಿ, ಅದರ ಸ್ಥಾನದಲ್ಲಿ ಫಾರ್ಮಮಿಡಿನಿಯಮನ್ನೂ ಸ್ವಲ್ಪ ಸೀಸಿಯಮನ್ನೂ ಸೇರಿಸಿದರೆ ಪಂಜರವು ಹೆಚ್ಚು ಸ್ಥಿರವಾಗುತ್ತದೆ. ಸ್ಫಟಿಕದ ಮೇಲ್ಮೈಯ ಕುಂದುಗಳನ್ನು ಉದ್ದವಾದ ಅಣುಗಳಿಂದ ಮುಚ್ಚುತ್ತಾರೆ. ಎರಡು ಗಾಜುಗಳ ನಡುವೆ ಕೋಶವನ್ನಿಟ್ಟು ಅಂಚಿಗೆ ಬ್ಯೂಟೈಲ್ ರಬ್ಬರಿನ ಮುದ್ರೆಯನ್ನು ಹಾಕುತ್ತಾರೆ. 2024ರಲ್ಲಿ ಆಕ್ಸ್‌ಫರ್ಡ್ ಪಿವಿ ಎಂಬ ಕಂಪೆನಿಯು, ಸಿಲಿಕಾನಿನ ಮೇಲೆ ಈ ದ್ರವ್ಯದ ಪೊರೆಯುಳ್ಳ ಫಲಕಗಳನ್ನು ಅಮೆರಿಕದ ಗಿರಾಕಿಗೆ ಕಳುಹಿಸಿತು. ಇವೆಲ್ಲವೂ ಮೆಚ್ಚತಕ್ಕ ಕಾರ್ಯಗಳೇ.

ಆದರೆ ಲೆಕ್ಕವನ್ನು ನೋಡೋಣ. ಸಿಲಿಕಾನಿನ ಫಲಕಗಳಿಗೆ 25 ವರ್ಷದ ಖಾತರಿಯನ್ನು ಕೊಡುವುದು ವಾಡಿಕೆ. ಹೊಸ ಫಲಕವನ್ನು ಪರೀಕ್ಷಿಸುವಾಗ 85 ಡಿಗ್ರಿ ಉಷ್ಣದಲ್ಲಿ, ನೂರಕ್ಕೆ 85ರ ತೇವದಲ್ಲಿ, 1000 ಗಂಟೆ ಇಡುತ್ತಾರೆ. ಪರೀಕ್ಷೆಯು ಕಠಿಣವೇ, ಆದರೂ 1000 ಗಂಟೆಗಳೆಂದರೆ ಆರು ವಾರಗಳು. 25 ವರ್ಷಗಳಲ್ಲಿ 2,19,000 ಗಂಟೆಗಳುಂಟು. ಹಗಲಿನ ಬಿಸಿಲು, ಇರುಳಿನ ತಂಪು, ಮಳೆ, ಗಾಳಿ ಇವು ಒಂದರ ಹಿಂದೊಂದು ಬಂದು ಮಾಡುವ ಹಾನಿಯನ್ನು ಪೆಟ್ಟಿಗೆಯೊಳಗಿನ ಒಂದು ಪರೀಕ್ಷೆಯು ಪೂರ್ತಿಯಾಗಿ ತೋರಿಸಲಾರದು. 2009ರಲ್ಲಿ ಹುಟ್ಟಿದ ಈ ವಿದ್ಯೆಯು 25 ಮಳೆಗಾಲಗಳನ್ನು ಇನ್ನೂ ಕಂಡಿಲ್ಲ. ಮೇಲಾಗಿ ಇದರಲ್ಲಿ ಸೀಸವುಂಟು. ಅಲ್ಪವೇ ಆದರೂ, ಗಾಜು ಒಡೆದರೆ ಮಳೆನೀರಿನೊಡನೆ ಇಳಿಯಬಹುದಾದ ವಿಷವದು. ನಮ್ಮ ವಸತಿಗೃಹದ ಮಾಡಿನ ನೀರು ಮಕ್ಕಳ ಬಾವಿಯ ಬಳಿಗೇ ಹರಿಯುತ್ತದೆ.

ಆದಕಾರಣ ನಮ್ಮ ಅಭಿಪ್ರಾಯವಿದು. ಕೋಶವೊಂದು ಎಷ್ಟು ಬೆಳಕನ್ನು ವಿದ್ಯುತ್ತಾಗಿಸಿತೆಂದು ಸಾರುವವರು, ಎಷ್ಟು ದಿನ ಹಾಗೆ ಮಾಡಿತೆಂಬುದನ್ನೂ ಅದೇ ಧ್ವನಿಯಲ್ಲಿ ಸಾರಬೇಕು. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಆರಂಭಶೂರತ್ವಕ್ಕೆ ಮಣೆಹಾಕಿದಂತೆ. ಪರೀಕ್ಷೆಗೆ ಮುಂಚಿನ ವಾರದಲ್ಲಿ ಮಾತ್ರ ಓದಿದ ಹುಡುಗಿಗೆ ಬಹುಮಾನ ಕೊಡುವುದು ನಮ್ಮ ಶಾಲೆಯ ಪದ್ಧತಿಯಲ್ಲ. ತಾಳಿದವನು ಬಾಳಿಯಾನು ಎಂಬ ಗಾದೆಯು ಮನುಷ್ಯರಿಗೆ ಹೇಗೋ ದ್ರವ್ಯಗಳಿಗೂ ಹಾಗೆಯೇ.

ಹಳೇ ವಿದ್ಯಾರ್ಥಿನಿಯರು ತಮ್ಮ ಸಂಬಳದಲ್ಲಿ ಉಳಿಸಿ ಕಳುಹಿಸಿದ ಹಣವು ನಮ್ಮ ಕೈಯಲ್ಲಿರುವ ಠೇವಣಿ. ಅದನ್ನು ಬಾಳಿಕೆಯು ತಿಳಿದಿರುವ ಸಿಲಿಕಾನಿನ ಫಲಕಗಳಿಗೆ ಈ ವರ್ಷವೇ ಉಪಯೋಗಿಸುವುದು ಒಳಿತೆಂದು ತೋರುತ್ತದೆ. ಕಾಯುವುದರಲ್ಲಿಯೂ ನಷ್ಟವುಂಟು; ಯಾಕಂದರೆ ಕಾಯುವಷ್ಟು ಕಾಲ ಸಂಜೆಯ ಓದಿಗೆ ದೀಪದ ವೆಚ್ಚವನ್ನು ಕೊಡುತ್ತಲೇ ಇರಬೇಕು.

ಹೀಗೆಂದು ಹೊಸ ದ್ರವ್ಯವನ್ನು ನಾವು ಹಳಿಯುವುದಿಲ್ಲ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರು ತೋರಿಸಿದ ಸಿಲಿಕಾನಿನ ಕೋಶವು ನೂರಕ್ಕೆ ಸುಮಾರು 6 ಪಾಲನ್ನು ಮಾತ್ರ ಕೊಟ್ಟಿತು. ಅದು ಮನೆಗಳ ಮಾಡನ್ನೇರಲು ದಶಕಗಳು ಹಿಡಿದವು. ಪೆರೋವ್‌ಸ್ಕೈಟಿಗೂ ಅಂಥ ತಾಳ್ಮೆಯ ಕೈಗಳು ಬೇಕು. ಒಂದೇ ಚೂರನ್ನು ದಿನದಿನವೂ ಅಳೆದು, ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು ಎಂದು ಬರೆದಿಡುವ ಆ ಕೆಲಸಕ್ಕೆ ಹೆಸರು ಕಡಿಮೆ, ಪ್ರಯೋಜನ ಬಹಳ. ನಮ್ಮ ಪ್ರಯೋಗಶಾಲೆಯ ಹಳದಿ ಪುಡಿಯನ್ನು ಕಂಡು ಹಿಗ್ಗುವ ಹುಡುಗಿಯರಲ್ಲಿ ಒಬ್ಬಳಾದರೂ ಆ ಕೆಲಸಕ್ಕೆ ಹೋಗಲಿ. ಪೋಷಕರು ಅವಳನ್ನು ತಡೆಯದಿರಲಿ. ಇಂದಿನ ಫಲಕಗಳು ಹಳೆಯದಾಗಿ ಅವನ್ನು ಇಳಿಸುವ ದಿನ ಬಂದಾಗ, ಅವುಗಳ ಸ್ಥಾನದಲ್ಲಿ ಏನನ್ನು ಹಾಕಬೇಕೆಂದು ಅವಳನ್ನೇ ಕೇಳುವಂತಾಗಲಿ.